ಕೇಳದೆ ಒಯ್ದ ನೂರು ಉತ್ತರ

"ಇದಕ್ಕ ನಿಮ್ಮ ಸಹಿ ಬೇಕಾಗಿತ್ರಿ."

ಮೇಜಿನ ಹಿಂದೆ ಕುಳಿತಿದ್ದ ಯುವಕ ತಲೆ ಎತ್ತಿ ನೋಡಿದ. ಎದುರಿಗೆ ತಿಳಿಹಸಿರು ಚೂಡಿದಾರದ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಕೈಯಲ್ಲಿ ಅವನದೇ ಹೊಸ ಪುಸ್ತಕ. ಬಸ್ಸಿನ ಧೂಳು ಇನ್ನೂ ಅವಳ ಮುಖದ ಮೇಲಿತ್ತು. ಆದರೆ ಆ ಕಣ್ಣುಗಳು... ಅವು ಯಾಕೆ ಹಾಗೆ ಕೆಂಪಾಗಿವೆ ಎಂದು ಅವನಿಗೆ ತಿಳಿಯಲಿಲ್ಲ.

"ಕೊಡ್ರಿ ಕೊಡ್ರಿ," ಎಂದು ನಾಚುತ್ತಲೇ ಪೆನ್ನು ತೆಗೆದು ಮೊದಲ ಪುಟ ಬಿಡಿಸಿದ. "ಹೆಸರು ಏನಂತ ಬರೀಲ್ರಿ?"

"ಹೆಸರು ಬರೀದಿದ್ರೂ ನಡೀತೈತ್ರಿ," ಅವಳು ಮೆಲ್ಲಗೆ ಹೇಳಿದಳು. "ನನ್ನ ಹೆಸರು ಬಿಟ್ಟು ಬರಿಯೂದು ನಿಮಗೇನು ಹೊಸಾದಲ್ಲಲ್ಲ?"

ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು. ಶಾಯಿ ಒಂದು ಚುಕ್ಕೆಯಾಗಿ ಹರಡಿತು.

ಅವನು ಪೆನ್ನು ಕೆಳಗಿಟ್ಟ.

"ನೀವು... ಇಳಕಲ್ಲ?"

"ಹೌದ್ರಿ. ಎಸ್. ಇಳಕಲ್ಲ. ಎಸ್ ಅಂದ್ರ ಸಪ್ನಾ. ಅದು ನಿಮಗ ಗೊತ್ತೈತಿ."

ಹನ್ನೊಂದು ತಿಂಗಳು ದಿನಕ್ಕೊಂದರಂತೆ ಪತ್ರ ಬರೆದುಕೊಂಡ ಇಬ್ಬರು ಮೊದಲ ಸಲ ಮುಖಾಮುಖಿಯಾದದ್ದು ಹೀಗೆ!

ಅದು ಎರಡು ಸಾವಿರದ ಆರನೇ ಇಸವಿಯ ಅಕ್ಟೋಬರ್, ಒಂದು ರವಿವಾರ. ಬಾಗಲಕೋಟೆ ನವನಗರದ ಕಾಲೇಜೊಂದರ ಸಭಾಂಗಣದಲ್ಲಿ 'ಕನ್ನಡ ಲಿನಕ್ಸ್ ಬಳಗ'ದ ಮೊದಲ ಸಮಾವೇಶ ನಡೆದಿತ್ತು. ಬಳಗ ಎಂದರೆ ಕಟ್ಟಡವಲ್ಲ, ಕಚೇರಿಯೂ ಅಲ್ಲ. ಇಮೇಲ್‌ನಲ್ಲಿ ಕಟ್ಟಿಕೊಂಡ ಒಂದು ಗುಂಪು. ಲಿನಕ್ಸ್ ಪುಕ್ಕಟೆ ಸಿಗುವ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಆದರೆ ಕೆಟ್ಟರೆ ಕೇಳಲು ಕಂಪನಿ ಇಲ್ಲ. ಹಾಗಾಗಿ ಗೊತ್ತಿಲ್ಲದವರು ಗುಂಪಿಗೆ ಪ್ರಶ್ನೆ ಬರೆಯುತ್ತಿದ್ದರು, ಗೊತ್ತಿದ್ದವರು ಉತ್ತರ ಬರೆಯುತ್ತಿದ್ದರು.

ಆ ಉತ್ತರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರೆದವಳು ಸಪ್ನಾ.

ಆ ಬೆಳಿಗ್ಗೆ ಇಳಕಲ್ಲಿನಲ್ಲಿ ಅವಳು ಎಷ್ಟು ಹುರುಪಿನಿಂದ ಬಸ್ಸು ಹತ್ತಿದ್ದಳು! ಅಮೀನಗಡದಲ್ಲಿ ಬಸ್ಸು ನಿಂತಾಗ ಓಡಿ ಹೋಗಿ ಅವನಿಗೆಂದೇ ಒಂದು ಡಬ್ಬಿ ಕರದಂಟು ಕೊಂಡಿದ್ದಳು. ಏನು ಮಾತಾಡಲಿ, ಮೊದಲ ಮಾತು ಯಾವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು.

ಸಭಾಂಗಣದ ಬಾಗಿಲಲ್ಲೇ ಪುಸ್ತಕಗಳ ರಾಶಿ ಇತ್ತು. 'ಕನ್ನಡದಲ್ಲಿ ಲಿನಕ್ಸ್: ನೂರು ಪ್ರಶ್ನೆ, ನೂರು ಉತ್ತರ.' ಕೆಳಗೆ ದಪ್ಪಕ್ಷರದಲ್ಲಿ 'ಹುಚ್ಚೇಶ ಕೆರೂರ.'

'ಅಯ್ಯ, ನನಗ ಹೇಳೇ ಇಲ್ಲ ನೋಡು! ಪುಸ್ತಕ ಬರದಾನ!' ಹೆಮ್ಮೆಯಿಂದಲೇ ತೆರೆದಳು.

ಇಪ್ಪತ್ಮೂರನೇ ಪುಟ.

'ಒತ್ತಕ್ಷರ ಒಡೆದು ಬೇರೆ ನಿಂತರೆ ಹೆದರಬೇಡಿ. ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲವೆಂದಲ್ಲ, ಕೂಡಿಸಿ ಬರೆಯುವುದನ್ನು ಅದಕ್ಕೆ ಇನ್ನೂ ಯಾರೂ ಹೇಳಿಕೊಟ್ಟಿಲ್ಲ. ನಮ್ಮ ಅವ್ವ ಹೇಳುತ್ತಾಳೆ: ಗಂಟು ಬಿದ್ದ ದಾರ ಎಳೀಬ್ಯಾಡ, ಸಡ್ಲ ಮಾಡು.'

ಸಪ್ನಾ ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಇದು ಅವಳ ಉತ್ತರ. ಅವಳ ವಾಕ್ಯ. ಮಗ್ಗದ ಮನೆಯಲ್ಲಿ ನಲವತ್ತು ವರ್ಷ ದಾರ ಸುತ್ತಿದ ಅವಳ ಅವ್ವ ಶೇಖವ್ವನ ಮಾತು!

ಪುಟ ತಿರುಗಿಸಿದಳು. ಅವಳದೇ. ಮತ್ತೊಂದು... ಅದೂ ಅವಳದೇ. ಕೊನೆಯ ಪುಟದವರೆಗೆ ಹುಡುಕಿದಳು. 'ಇಳಕಲ್ಲ' ಎಂಬ ಒಂದೇ ಒಂದು ಪದ ಎಲ್ಲಿಯೂ ಇರಲಿಲ್ಲ.

'ನನ್ನ ಅವ್ವನ್ನೂ ತನ್ನ ಅವ್ವನ ಮಾಡ್ಕೊಂಡ್ನಲ್ಲ...'

ಆಮೇಲೆಯೇ ಅವಳು ಆ ಪುಸ್ತಕ ಹಿಡಿದು ಮೇಜಿನ ಮುಂದೆ ಹೋಗಿ ನಿಂತದ್ದು.

"ಸಪ್ನಾ, ನಾ ಹೇಳ್ತೇನಿ. ಒಂದೈದು ನಿಮಿಷ..." ಹುಚ್ಚೇಶ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

ಅಷ್ಟರಲ್ಲಿ ವೇದಿಕೆಯಿಂದ ಪ್ರಭುವಿನ ಕೂಗು ಬಂತು. ಹುಚ್ಚೇಶ ಕಲಿಸುತ್ತಿದ್ದ ಕಂಪ್ಯೂಟರ್ ಸೆಂಟರಿನ ಮಾಲೀಕ ಅವನು. ಪುಸ್ತಕ ಅಚ್ಚು ಹಾಕಿಸಿದವನೂ ಅವನೇ.

"ಏ ಹುಚ್ಚೇಶ! ಬಾ ಲೇ, ಎಲ್ಲಾರೂ ಕಾಯಾಕತ್ತಾರ!"

ಹುಚ್ಚೇಶ ಅವಳನ್ನು ನೋಡಿದ. ವೇದಿಕೆಯನ್ನು ನೋಡಿದ. ಮತ್ತೆ ಅವಳನ್ನು ನೋಡಿದ.

ಮತ್ತು ಹೋದ.

ಸಪ್ನಾ ಕೊನೆಯ ಸಾಲಿನಲ್ಲಿ ಕುಳಿತಳು. ಓಡಿ ಹೋಗಬೇಕು ಅನ್ನಿಸುತ್ತಿತ್ತು, ಆದರೂ ಕುಳಿತಳು. ಯಾಕೆಂದರೆ ಅವಳೊಳಗೆ ಇನ್ನೂ ಒಂದು ಆಸೆ ಉಳಿದಿತ್ತು. 'ಮೈಕ್ ಮುಂದ ನಿಂತ್ರ ಹೇಳ್ತಾನ. ಹೇಳೇ ಹೇಳ್ತಾನ. ನನ್ನ ಹುಚ್ಚೇಶ ಅಂಥಾವಲ್ಲ...'

ನನ್ನ ಹುಚ್ಚೇಶ! ಯಾವಾಗ ಅವನು ಅವಳವನಾಗಿದ್ದ?

ಹುನಗುಂದದಲ್ಲಿ ಕೋರ್ಟಿನ ಎದುರಿಗೆ ಲಾಡಸಾಬನ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಸಪ್ನಾ ಅಲ್ಲಿ ಅರ್ಜಿ, ಕರಾರುಪತ್ರ ಟೈಪು ಮಾಡುತ್ತಿದ್ದಳು. ಅಂಗಡಿಯ ಕಂಪ್ಯೂಟರಿಗೆ ತಿಂಗಳಿಗೊಮ್ಮೆ ವೈರಸ್ ಹೊಕ್ಕು ಎಲ್ಲ ಅಳಿಸಿ ಹೋಗುತ್ತಿತ್ತು. ಒಮ್ಮೆ ಪತ್ರಿಕೆಯೊಂದರ ಜೊತೆ ಲಿನಕ್ಸ್ ಸಿ.ಡಿ. ಬಂತು. "ಹಾಕಿ ನೋಡ್ ಮಗಳ, ಇದಕ್ಕಿಂತ ಇನ್ನೇನು ಕೆಡತೈತಿ?" ಎಂದಿದ್ದ ಲಾಡಸಾಬ. ಹಾಕಿದಳು. ಕೆಟ್ಟಿತು. ತಾನೇ ಸರಿಮಾಡಿದಳು. ಮತ್ತೆ ಕೆಟ್ಟಿತು. ಒಂದು ವರ್ಷದಲ್ಲಿ ಅದರ ಒಳಹೊರಗು ಅವಳಿಗೆ ಅಂಗೈಯಷ್ಟು ಪರಿಚಯವಾಯಿತು.

ಬಳಗಕ್ಕೆ ಸೇರಿದಾಗ ಹೆಣ್ಣುಮಗಳು ಎಂದು ಗೊತ್ತಾದರೆ ಯಾರು ಏನು ಬರೆಯುತ್ತಾರೋ ಎಂಬ ಅಂಜಿಕೆಯಿಂದ 'ಎಸ್. ಇಳಕಲ್ಲ' ಎಂದು ಹೆಸರು ಕೊಟ್ಟಳು. ಎಲ್ಲರಿಗೂ ಅವಳು 'ಇಳಕಲ್ಲ ಸರ್' ಆದಳು.

ಗುರುತು ಹಿಡಿದವನು ಒಬ್ಬನೇ. ಮೂರು ಕಡತ ಒಂದಾಗಿಸುವುದು ಹೇಗೆ ಎಂಬ ಪ್ರಶ್ನೆಗೆ ಅವಳು 'ಹೆರಳು ಹಾಕಿದಂತೆ' ಎಂದು ವಿವರಿಸಿದ್ದಳು. ಮರುದಿನ ಅವಳೊಬ್ಬಳಿಗೇ ಒಂದು ಪತ್ರ ಬಂತು: 'ಹೆರಳಿನ ಲೆಕ್ಕ ಇಷ್ಟು ಚಂದ ಗೊತ್ತಿರೋ ಸರ್‌ನ ನಾ ಇನ್ನೂ ನೋಡಿಲ್ಲ. ಯಾರಿಗೂ ಹೇಳೂದಿಲ್ಲ. ನಾ ಬಾದಾಮಿಯವ, ಹುಚ್ಚೇಶ. ಹೆಸರು ನೋಡಿ ನಗಬ್ಯಾಡ್ರಿ.'

ಅವಳು ನಕ್ಕಿದ್ದಳು. ಅಂಗಡಿಯಲ್ಲಿ ಒಬ್ಬಳೇ, ಬಾಯಿಗೆ ಕೈ ಅಡ್ಡ ಹಿಡಿದು!

ಅಲ್ಲಿಂದ ದಿನಾ ಪತ್ರ. ಅವನ ಪ್ರಶ್ನೆ, ಅವಳ ಉತ್ತರ. ಉತ್ತರದ ಕೊನೆಗೆ ನಾಲ್ಕು ಸಾಲು ಬೇರೆ ಮಾತು. ಬರಬರುತ್ತ ನಾಲ್ಕು ಸಾಲು ನಾಲ್ಕು ಪುಟವಾಯಿತು.

"ಈಗ ಲೇಖಕರು ಎರಡು ಮಾತು ಹೇಳ್ತಾರ!" ಪ್ರಭು ಮೈಕಿನಲ್ಲಿ ಕೂಗಿದ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು.

ಹುಚ್ಚೇಶ ಮೈಕಿನ ಮುಂದೆ ಬಂದ. ಅವನ ಕಣ್ಣು ಕೊನೆಯ ಸಾಲಿನವರೆಗೆ ಬಂತು. ಸಪ್ನಾಳನ್ನು ಕಂಡಿತು. ಬಾಯಿ ತೆರೆದ.

ಸಪ್ನಾ ಉಸಿರು ಹಿಡಿದಳು.

'ಹೇಳು... ಒಂದು ಮಾತು... ಹೇಳು!'

"ಎಲ್ಲಾರಿಗೂ... ಧನ್ಯವಾದ," ಎಂದ ಹುಚ್ಚೇಶ. ಹೋಗಿ ಕುಳಿತುಬಿಟ್ಟ.

ಅಷ್ಟೇ.

ಸಪ್ನಾ ಎದ್ದಳು. ಪುಸ್ತಕವನ್ನು ಕುರ್ಚಿಯ ಮೇಲೆ ಬಿಟ್ಟಳು. ಯಾರಿಗೂ ಅವಳು ಹೋದದ್ದು ತಿಳಿಯಲಿಲ್ಲ. ಅವಳು ಬಂದದ್ದಾದರೂ ಯಾರಿಗೆ ತಿಳಿದಿತ್ತು?

ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಮುದುಕಿ ಅವಳ ಮುಖ ನೋಡಿ, "ಯಾಕವ್ವ, ಯಾರರ ತೀರ್ಕೊಂಡಾರೇನು?" ಎಂದು ಕೇಳಿದಳು.

"ಹೂಂ, ಆಯಿ," ಎಂದಳು ಸಪ್ನಾ. ಕರದಂಟಿನ ಡಬ್ಬಿಯನ್ನು ಆ ಮುದುಕಿಯ ಮಡಿಲಿಗೆ ಹಾಕಿ ಕಿಟಕಿಯ ಕಡೆ ತಿರುಗಿದಳು. ಹುನಗುಂದ ದಾಟಿ ಇಳಕಲ್ಲು ಬರುವವರೆಗೂ ಕಣ್ಣೀರು ನಿಲ್ಲಲಿಲ್ಲ.

ಹನ್ನೊಂದು ತಿಂಗಳ ಪ್ರತಿಯೊಂದು ಪತ್ರವೂ ನೆನಪಾಗುತ್ತಿತ್ತು. 'ಇದು ಹೆಂಗ ಮಾಡೂದು?' 'ಅದು ಯಾಕ ಹಂಗ ಆಗತೈತಿ?' ಎಷ್ಟು ಪ್ರಶ್ನೆ ಕೇಳುತ್ತಿದ್ದ! ಈಗ ಅರ್ಥವಾಯಿತು. ಬಾವಿಗೆ ಕೊಡ ಬಿಟ್ಟಹಾಗೆ ದಿನಾ ಬಿಟ್ಟ, ದಿನಾ ತುಂಬಿಕೊಂಡ. ನಡುನಡುವೆ ಬರೆದ ಸವಿಮಾತೆಲ್ಲ ಹಗ್ಗ ಹರಿಯದಿರಲಿ ಎಂದು!

ಮನೆಯಲ್ಲಿ ಅಪ್ಪ ಇರಲಿಲ್ಲ, ಸೀರೆ ಮಾರಲು ಪರಊರಿಗೆ ಹೋಗಿದ್ದ. ಶೇಖವ್ವ ರಾಟೆಯ ಮುಂದೆ ಕುಳಿತು ದಾರ ಸುತ್ತುತ್ತಿದ್ದಳು. ಮಗಳ ಮುಖ ನೋಡಿದವಳೇ ರಾಟೆ ನಿಲ್ಲಿಸಿದಳು.

"ಏನಾತ?"

"ಅವ್ವಾ... ನಿನ್ನ ಮಾತು ಕದ್ದಾರವ್ವ. ಪುಸ್ತಕದಾಗ ತಮ್ಮ ಮಾತು ಅಂತ ಹಾಕ್ಕೊಂಡಾರ."

ಶೇಖವ್ವ ನಕ್ಕಳು. "ಮಾತು ಕದ್ರ ಏನಾತ? ನನ್ನ ಬಾಯಾಗ ಇನ್ನೂ ಬೇಕಾದಷ್ಟು ಅದಾವ."

ಸಪ್ನಾ ನಗಲಿಲ್ಲ. ಅವ್ವನ ಮಡಿಲಿಗೆ ಮುಖ ಹಚ್ಚಿದಳು. ಶೇಖವ್ವನ ಕೈ ಮಗಳ ತಲೆಯ ಮೇಲೆ ನಿಧಾನ ಆಡಿತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು:

"ನೀ ಮಾತಿನ ಸಲುವಾಗಿ ಅಳಾಕತ್ತಿಲ್ಲ ಬಿಡು. ಮನಶ್ಯಾನ ಸಲುವಾಗಿ ಅಳಾಕತ್ತಿ."

ಮರುದಿನ ಸಪ್ನಾ ಬಳಗಕ್ಕೆ ನಾಲ್ಕು ಸಾಲು ಬರೆದಳು. 'ಆ ಪುಸ್ತಕದ ಉತ್ತರಗಳು ನನ್ನವು. ನನ್ನನ್ನು ಯಾರೂ ಕೇಳಿಲ್ಲ. ನನ್ನ ಹೆಸರೂ ಹಾಕಿಲ್ಲ.'

ಸಂಜೆಯೊಳಗೆ ಹನ್ನೆರಡು ಜನ ಬರೆದರು.

'ಇಳಕಲ್ಲ ಸರ್, ಹಂಚಿಕೊಳ್ಳುವುದೇ ನಮ್ಮ ಧರ್ಮ. ನಂದು ನಿಂದು ಅಂತ ಯಾಕೆ?'

'ಹೆಸರಿನ ಆಸೆ ಇದ್ದವರು ಪುಕ್ಕಟೆ ತಂತ್ರಾಂಶಕ್ಕೆ ಬರಬಾರದು.'

'ನಿಮ್ಮಂಥ ಹಿರಿಯರು ಹೀಗೆ ಬರೆದದ್ದು ಬೇಸರ ತಂದಿತು ಸರ್.'

ಇವರಲ್ಲಿ ಒಬ್ಬೊಬ್ಬರ ಹೆಸರೂ ಅವಳಿಗೆ ಗೊತ್ತಿತ್ತು. ಒಬ್ಬನ ಪ್ರಿಂಟರ್ ಸರಿಯಾಗಲೆಂದು ಊಟ ಬಿಟ್ಟು ಕುಳಿತಿದ್ದಳು. ಇನ್ನೊಬ್ಬನ ತಂಗಿಯ ಲಗ್ನಪತ್ರಿಕೆ ಒಡೆದ ಅಕ್ಷರದಲ್ಲಿ ಬಂದಾಗ ಮೂರು ದಿನ ಉತ್ತರ ಹುಡುಕಿದ್ದಳು. ಅವರಾರಿಗೂ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ!

ಹುಚ್ಚೇಶನಿಂದ ಬಳಗಕ್ಕೆ ಒಂದಕ್ಷರ ಬರಲಿಲ್ಲ. ಅವಳಿಗೆ ಬೇರೆಯಾಗಿ ಮೂರು ಪತ್ರ ಬಂದಿದ್ದವು. ತೆರೆಯದೆ ಅಳಿಸಿದಳು. 'ಎಲ್ಲಾರ ಮುಂದ ಕಸಕೊಂಡು, ಕದ್ದು ಬಂದು ಸಮಾಧಾನ ಮಾಡ್ತಾನಂತ!'

ಬಳಗಕ್ಕೆ ಕೊನೆಯ ಸಾಲು ಬರೆದಳು: 'ನನ್ನ ಉತ್ತರ ಹಂಚಿಕೊಂಡಿದ್ದೆ. ನನ್ನನ್ನೇ ಅಳಿಸಿರಿ ಎಂದು ಹೇಳಿರಲಿಲ್ಲ. ಹಂಚುವ ತಂತ್ರಾಂಶದ ಕರಾರಿನಲ್ಲೂ ಬರೆದವರ ಹೆಸರು ಉಳಿಸಬೇಕೆಂದಿದೆ, ಓದಿ ನೋಡಿ.'

ಆ ಸಂಜೆಯೇ ಗುಂಪಿನಿಂದ ಹೊರಬಂದಳು.

ಲಾಡಸಾಬನಿಗೆ ಏನೂ ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಆದರೆ ಮಧ್ಯಾಹ್ನದ ಬಿಡುವಿನಲ್ಲಿ ಕೀಲಿಮಣೆಯ ಮೇಲೆ ಓಡುತ್ತಿದ್ದ ಅವಳ ಬೆರಳುಗಳು ಈಗ ಸುಮ್ಮನೆ ಮಡಿಲಲ್ಲಿ ಬಿದ್ದಿರುವುದನ್ನು ನೋಡುತ್ತಿದ್ದ. ಒಂದು ದಿನ ಚಹಾದ ಕಪ್ಪು ಮುಂದಿಟ್ಟು ಹೇಳಿದ:

"ಮಗಳ, ಒಬ್ಬ ಗಿರಾಕಿ ಮೋಸ ಮಾಡಿದಾ ಅಂತ ನಾ ಅಂಗಡಿ ಮುಚ್ಚಿದ್ರ, ಇಪ್ಪತ್ತು ವರ್ಷದ ಹಿಂದ ಮುಚ್ಚಬೇಕಾಗಿತ್ತು."

"ಗಿರಾಕಿ ಅಲ್ಲ ಚಾಚಾ," ಎಂದಳು ಸಪ್ನಾ.

ಹೀಗೆ ನಾಲ್ಕು ತಿಂಗಳು ಕಳೆದವು.

ಫೆಬ್ರವರಿಯ ಒಂದು ಶುಕ್ರವಾರ ಅಂಗಡಿಗೆ ಒಬ್ಬ ಟೀಚರ್ ಬಂದರು. ಹೆಸರು ಅಬೇದಾ. ಬೇವೂರಿನ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದರು, ತವರುಮನೆ ಹುನಗುಂದ. ಚೀಲದಿಂದ ಪುಸ್ತಕ ತೆಗೆದು, "ಇದರ ಇಪ್ಪತ್ಮೂರನೇ ಪುಟ ಎರಡು ಕಾಪಿ ಮಾಡ್ರಿ," ಎಂದರು.

ಆ ಪುಸ್ತಕ!

ಮುಟ್ಟಿದರೆ ಕೈ ಸುಡುವುದೇನೋ ಎಂಬಂತೆ ಸಪ್ನಾ ಹಿಂದೆ ಸರಿದಳು. ಆಗ ಮುಖಪುಟ ಕಣ್ಣಿಗೆ ಬಿತ್ತು. 'ಹುಚ್ಚೇಶ ಕೆರೂರ' ಎಂದಿದ್ದ ಜಾಗದ ಮೇಲೆ ಒಂದು ಬಿಳಿ ಚೀಟಿ ಅಂಟಿಸಿತ್ತು. ಕೈಬರಹ.

'ಈ ಉತ್ತರಗಳು ನನ್ನವಲ್ಲ. ಇಳಕಲ್ಲಿನ ಒಬ್ಬರು ಬರೆದದ್ದು. ಕೇಳದೆ ತಗೊಂಡದ್ದು ನನ್ನ ತಪ್ಪು. ಅವರ ಹೆಸರು ಹಾಕಲು ಅವರ ಒಪ್ಪಿಗೆ ಬೇಕು. ಒಪ್ಪಿದ ದಿನ ಮತ್ತೆ ಬಂದು ಬರೆಯುತ್ತೇನೆ. ಹುಚ್ಚೇಶ.'

"ಟೀಚರ್ರ... ಇದು ಯಾರು ಹಚ್ಚಿದ್ರಿ?" ಸಪ್ನಾಳ ದನಿ ಅವಳಿಗೇ ಕೇಳಿಸಲಿಲ್ಲ.

"ಅಂವನ ಬಂದಿದ್ದ. ಬರದಾವ. ಒಂದು ಚೀಲದಾಗ ಚೀಟಿ, ಗೋಂದಿನ ಬಾಟ್ಲಿ. ಪುಸ್ತಕ ಹೋದ ಸಾಲಿ ಸಾಲಿಗೆ ಬಸ್ಸಿನ್ಯಾಗ ತಿರಗಾಕತ್ತಾನ. ಪಟ್ಟದಕಲ್ಲಿಗೂ ಹೋಗಿ ಬಂದ್ನಂತ. 'ಇನ್ನೂರು ಪುಸ್ತಕದಾಗ ಇನ್ನ ಮೂವತ್ತು ಸಿಗವಲ್ಲವ್ರಿ ಟೀಚರ್,' ಅಂದ. ಸೆಂಟರಿನ ಕೆಲಸಾನೂ ಬಿಟ್ಟಾನ. ಲಿನಕ್ಸ್ ಬಳಗಕ್ಕ ಅಕ್ಟೋಬರದಾಗ ಎಲ್ಲಾ ಒಪ್ಕೊಂಡು ಬರದಿದ್ದ."

ಸಪ್ನಾ ಕಂಪ್ಯೂಟರಿನ ಮುಂದೆ ಕುಳಿತಳು. ಫೋನಿನ ತಂತಿ ಸಿಕ್ಕಿಸಿ ಬಳಗದ ಹಳೆಯ ಪತ್ರಗಳನ್ನು ತೆರೆದಳು. ಪುಟ ಎಷ್ಟು ನಿಧಾನ ಇಳಿಯಿತು!

ಅದು ಅಲ್ಲಿತ್ತು. ಅವಳು ಗುಂಪು ಬಿಟ್ಟ ಮರುದಿನ ಬೆಳಿಗ್ಗೆ ಬರೆದದ್ದು. 'ಇಳಕಲ್ಲ ಅವರು ಹೇಳಿದ್ದು ಅಕ್ಷರಶಃ ಖರೆ. ಅವರಿಗೆ ಹೆಸರಿನ ಆಸೆ ಅಂದವರೇ, ಹೆಸರಿನ ಆಸೆಗೆ ಬಿದ್ದವನು ನಾನು. ವೇದಿಕೆಯ ಮೇಲೆ ಬಾಯಿ ಬಿಡಲಾರದೆ ಹೋದೆ. ಅವರ ಕ್ಷಮೆ ಕೇಳಿರಿ, ನನ್ನ ಪರ ಮಾತಾಡಬೇಡಿರಿ.'

ಒಂದು ದಿನ. ಒಂದೇ ದಿನ ತಡ!

'ತಡ ಮಾಡಿದೆಲ್ಲೋ...' ಮನಸ್ಸು ಮಿಡಿಯಿತು. ಮರುಕ್ಷಣವೇ ಗಟ್ಟಿಯಾಯಿತು. 'ಆಮ್ಯಾಲ ಬರದ್ರ ಏನಾತು? ಆವತ್ತು ಸುಮ್ಮನಿದ್ನಲ್ಲ.'

ಅಬೇದಾ ಇನ್ನೂ ನಿಂತಿದ್ದರು. "ಸಾಲ್ಯಾಗ ನಾಕು ಕಂಪ್ಯೂಟರ್ ಬಂದಾವ್ರಿ. ಲಿನಕ್ಸ್ ಹಾಕೇವಿ. ಕನ್ನಡ ಪ್ರಶ್ನೆಪತ್ರಿಕಿ ಅಚ್ಚು ಹಾಕಿದ್ರ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ. ಸೋಮವಾರ ಪರೀಕ್ಷಾ ಐತಿ. ಬಳಗಕ್ಕ ಎರಡು ಸಲ ಬರದೆ, ಯಾರೂ ಉತ್ತರ ಕೊಡ್ಲಿಲ್ಲ. ಮೊದಲ ಇಳಕಲ್ಲ ಸರ್ ಅಂತ ಇದ್ರಂತ, ಅವರು ಬಿಟ್ಟು ಹೋದ ಮ್ಯಾಲ ಬಳಗ ಸತ್ತಂಗ ಆಗೈತಿ."

ಸಪ್ನಾ ಲಾಡಸಾಬನ ಕಡೆ ನೋಡಿದಳು. ಅವನು ಕನ್ನಡಕದ ಮೇಲಿನಿಂದ ಅವಳನ್ನೇ ನೋಡುತ್ತಿದ್ದ.

"ಇಳಕಲ್ಲ ಸರ್ ಅಲ್ರಿ ಟೀಚರ್ರ," ಎಂದಳು ಸಪ್ನಾ. ಆ ಮಾತನ್ನು ಹೊರಗಿನವರ ಮುಂದೆ ಅವಳು ಆಡಿದ್ದು ಅದೇ ಮೊದಲು. "ಅದು ನಾನ. ನನ್ನ ಹೆಸರು ಸಪ್ನಾ. ನಾಳೆ ಮುಂಜಾನೆ ಬರ್ತೇನಿ."

ಅಬೇದಾ ಬಾಯಿ ತೆರೆದು ನಿಂತರು. ಲಾಡಸಾಬ ಮಾತ್ರ ಗಟ್ಟಿಯಾಗಿ ನಕ್ಕುಬಿಟ್ಟ. "ಹೋಗಿ ಬಾ ಮಗಳ! ಅಂಗಡಿ ನಾ ನೋಡ್ಕೋತೇನಿ!"

ಶನಿವಾರ ಬೇವೂರಿನ ಶಾಲೆ ಬೆಳಗಿನದು. ಸಪ್ನಾ ಕಂಪ್ಯೂಟರ್ ಕೋಣೆಯ ಹೊಸ್ತಿಲು ದಾಟಿದಾಗ ಮೇಜಿನ ಕೆಳಗೆ ಯಾರೋ ಮೊಣಕಾಲೂರಿ ತಂತಿ ಸಿಕ್ಕಿಸುತ್ತಿದ್ದರು.

"ಟೀಚರ್ರ, ಪ್ರಿಂಟರ್ ಚಾಲೂ ಆತು ನೋಡ್ರಿ. ಆದ್ರ ಅಕ್ಷರ ಇನ್ನೂ..." ಎನ್ನುತ್ತ ಹೊರಗೆ ಬಂದವನು ಅಲ್ಲೇ ಕಲ್ಲಾದ.

ಹುಚ್ಚೇಶ! ಸೊರಗಿದ್ದ. ಬೆರಳಿಗೆಲ್ಲ ಒಣಗಿದ ಗೋಂದು.

"ಇವರನ್ನೂ ನಾನ ಕರದೆ," ಎಂದರು ಅಬೇದಾ, ಇಬ್ಬರ ಮುಖವನ್ನೂ ನೋಡುತ್ತ. "ಒಬ್ಬರಿಗಿಂತ ಇಬ್ಬರು ಛಲೋ ಅಂತ... ಏನರ ತಪ್ಪಾತೇನ್ರಿ?"

"ಇಲ್ರಿ," ಎಂದಳು ಸಪ್ನಾ. ಹೋಗಿ ಕುರ್ಚಿಯಲ್ಲಿ ಕುಳಿತಳು. ಅವನನ್ನು ನೋಡದೆ ಕೇಳಿದಳು, "ನೇರ ಪ್ರಿಂಟ್ ಕೊಟ್ರೇನು?"

"ಹೌದ್ರಿ."

"ಕೊಡಬಾರದು. ಮೊದಲ ಪಿ.ಡಿ.ಎಫ್. ಮಾಡಿ ಉಳಸ್ರಿ. ಅದನ್ನ ಅಚ್ಚಿಗೆ ಕೊಡ್ರಿ."

ಅವನು ಕಾಗದ ಹಾಕಿದ. ಪ್ರಿಂಟರ್ ಗರಗರ ಎಂದಿತು. ಎಂಟನೇ ತರಗತಿ, ಸಮಾಜ ವಿಜ್ಞಾನ. ಒಂದೊಂದು ಒತ್ತಕ್ಷರವೂ ತನ್ನ ಜಾಗದಲ್ಲಿ!

"ಅಲ್ಲಾ! ಎಷ್ಟ ಸಲೀಸು!" ಅಬೇದಾ ಆ ಹಾಳೆ ಹಿಡಿದುಕೊಂಡು ಹೆಡ್‌ಮಾಸ್ತರಿಗೆ ತೋರಿಸಲು ಓಡಿದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಹೊರಗೆ ಮಕ್ಕಳು ಪದ್ಯ ಹೇಳುವುದು ಕೇಳುತ್ತಿತ್ತು.

"ಸಪ್ನಾ, ನಾ..."

"ಅಳಬ್ಯಾಡ್ರಿ. ಕೈ ಮುಗೀಬ್ಯಾಡ್ರಿ." ಅವಳು ಥಟ್ಟನೆ ತಡೆದಳು. "ಯಾರರ ತೊಂದರಿ ಹೇಳ್ಕೊಂಡು ಬಂದ್ರ ನಾ ಮೂರ ಮಾತು ಕೇಳ್ತೇನಿ. ಏನು ಮಾಡಿದ್ರಿ, ಏನಾತು, ಏನಾಗಬೇಕಾಗಿತ್ತು. ಅಷ್ಟ ಹೇಳ್ರಿ. ಬಣ್ಣ ಹಚ್ಚಬ್ಯಾಡ್ರಿ."

ಹುಚ್ಚೇಶ ಗೋಡೆಗೆ ಒರಗಿ ನಿಂತ.

"ನಿಮ್ಮ ಉತ್ತರ ಎಲ್ಲಾ ಒಂದು ಕಡೆ ಕೂಡಿಸಿದೆ. ನಿಮ್ಮನ್ನ ಕೇಳ್ಲಿಲ್ಲ. ಅಚ್ಚಾದ ಮ್ಯಾಲ ಕೈಯಾಗ ಕೊಟ್ಟು ನಿಮ್ಮ ಮುಖ ನೋಡಬೇಕಂತ ಆಸೆ ಇತ್ತು. ಮೊದಲ ಹಾಳಿ ಮ್ಯಾಲ ಎಸ್. ಇಳಕಲ್ಲ ಅಂತ ನಾನ ಟೈಪ್ ಮಾಡಿದ್ದೆ."

"ಏನಾತು?"

"ಪ್ರಭು ಸರ್ ಅದನ್ನ ತಗದು ನನ್ನ ಹೆಸರು ಹಾಕಿದ್ರು. ಸೆಂಟರಿನ ಪುಸ್ತಕಕ್ಕ ಸೆಂಟರಿನ ಮಾಸ್ತರನ ಹೆಸರು ಇರಬೇಕು ಅಂದ್ರು. ನನಗ ಗುರುವಾರ ತಿಳೀತು. ಕಾರ್ಯಕ್ರಮ ರವಿವಾರ. ಮೂರು ದಿನ ಸುಮ್ಮನಿದ್ದೆ." ಅವನ ದನಿ ಇಳಿಯಿತು. "ಪ್ರಭು ಸರ್‌ಗೆ ಅಂಜಿ ಅಂತ ಹೇಳಬಹುದು. ಆದ್ರ ಅದು ಪೂರ್ತಿ ಖರೆ ಅಲ್ಲ. ಸಾಲ್ಯಾಗಿಂದ ಎಲ್ಲಾರೂ ನನಗ 'ಏ ಹುಚ್ಚ' ಅಂತ ಕರದಾರ. ಮೊದಲ ಸಲ ಆ ಹೆಸರು ಒಂದು ಪುಸ್ತಕದ ಮ್ಯಾಲ ದಪ್ಪಗ ಕಂಡಾಗ... ಖುಷಿ ಆತು, ಸಪ್ನಾ. ನಾಚಿಕಿ ಆಗೂದಕ್ಕಿಂತ ಮೊದಲ ಖುಷಿ ಆತು."

ಈ ಒಂದು ಮಾತನ್ನು ಅವನು ಮುಚ್ಚಿಡಬಹುದಾಗಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಏನಾಗಬೇಕಾಗಿತ್ತು?"

"ಆವತ್ತು ಮೈಕಿನ್ಯಾಗ ನಿಮ್ಮ ಹೆಸರು ಹೇಳಬೇಕಾಗಿತ್ತು. ನೀವು ಕೊನೀ ಸಾಲಿನ್ಯಾಗ ಉಸಿರು ಹಿಡದು ಕುಂತದ್ದು ನನಗ ಕಾಣ್ತಿತ್ತು."

ಅವಳ ಕಣ್ಣಿಂದ ಒಂದು ಹನಿ ಕೀಲಿಮಣೆಯ ಮೇಲೆ ಬಿತ್ತು. ದುಪಟ್ಟಾದಿಂದ ಒರೆಸಿದಳು.

"ಇನ್ನೊಂದು ಕೇಳ್ತೇನಿ. ಆ ಪತ್ರ... ಹನ್ನೊಂದು ತಿಂಗಳು ಬರದ್ರಲ್ಲ, ಆ ಪ್ರಶ್ನೆ ಎಲ್ಲಾ ಪುಸ್ತಕದ ಸಲುವಾಗೇ ಏನ್ರಿ?"

"ಪುಸ್ತಕದ ವಿಚಾರ ಬಂದದ್ದ ಸೆಪ್ಟೆಂಬರದಾಗ. ಅದಕ್ಕಿಂತ ಮೊದಲಿಂದು..." ಅವನು ತಲೆ ತಗ್ಗಿಸಿದ. "ಅರ್ಧ ಪ್ರಶ್ನೆಗೆ ಉತ್ತರ ನನಗ ಗೊತ್ತಿತ್ರಿ."

"ಗೊತ್ತಿದ್ದೂ ಕೇಳಿದ್ರಿ?"

"ಕೇಳಿದ್ರ ನೀವು ಬರೀತಿದ್ರಲ್ಲ."

ಸಪ್ನಾ ಅವನನ್ನೇ ನೋಡಿದಳು. ನಾಲ್ಕು ತಿಂಗಳು ಎದೆಯ ಮೇಲೆ ಕುಳಿತಿದ್ದ ಭಾರ ಒಮ್ಮೆಲೇ ಕರಗಲಿಲ್ಲ. ಹಾಗೆಲ್ಲ ಕರಗುವುದೂ ಇಲ್ಲ. ಆದರೆ ಅಲುಗಿತು. ಸಿಟ್ಟಿನ ನಡುವಿನಿಂದಲೇ ತುಟಿಯ ಅಂಚಿಗೆ ನಗು ಬಂತು. ಅದನ್ನು ಮುಚ್ಚಲು ಪರದೆಯ ಕಡೆ ತಿರುಗಿ ಬಳಗದ ಪುಟ ತೆರೆದಳು.

ಮತ್ತೆ ಸೇರಲು ಹೆಸರು ಕೇಳಿತು. ಟೈಪು ಮಾಡಿದಳು: 'ಸಪ್ನಾ ಕಂದಗಲ್ಲ, ಇಳಕಲ್ಲ.' ನಂತರ ಅಬೇದಾ ಅವರ ಪ್ರಶ್ನೆ ಹುಡುಕಿ ಅದರ ಕೆಳಗೆ ಉತ್ತರ ಬರೆದಳು. ಉತ್ತರ ಮುಗಿಸಿ ಒಂದು ಸಾಲು ಸೇರಿಸಿದಳು: 'ನನ್ನನ್ನು ಸರ್ ಎನ್ನಬೇಡಿ. ಮೇಡಂ ಎನ್ನುವುದೂ ಬೇಡ. ಪ್ರಶ್ನೆ ಕೇಳಿರಿ, ಸಾಕು.'

ಮಧ್ಯಾಹ್ನದ ಬಿಸಿಲಿನಲ್ಲಿ ಇಬ್ಬರೂ ಬೇವೂರಿನ ಬಸ್ ನಿಲ್ದಾಣದ ಬೇವಿನ ನೆರಳಿಗೆ ಬಂದು ನಿಂತರು. ಅವಳ ಬಸ್ಸು ಹುನಗುಂದಕ್ಕೆ, ಅವನದು ಬಾಗಲಕೋಟೆಗೆ. ನಡುವೆ ಒಂದು ಮೊಳ ಜಾಗ ಬಿಟ್ಟು ನಿಂತಿದ್ದರು.

"ಒಂದು ಕೇಳ್ಲೇನ್ರಿ?" ಕೊನೆಗೆ ಹುಚ್ಚೇಶ ಬಾಯಿಬಿಟ್ಟ.

"ಉತ್ತರ ಗೊತ್ತಿದ್ದದ್ದೋ, ಇಲ್ಲದ್ದೋ?"

"ಖರೇನ ಗೊತ್ತಿಲ್ರಿ."

"ಹಂಗಾದ್ರ ಕೇಳ್ರಿ."

"ನನ್ನ ಮ್ಯಾಲ ಇನ್ನೂ ಸಿಟ್ಟೈತೇನು?"

ದೂರದಲ್ಲಿ ಹುನಗುಂದದ ಬಸ್ಸು ಧೂಳೆಬ್ಬಿಸುತ್ತ ಬರುವುದು ಕಾಣಿಸಿತು. ಸಪ್ನಾ ಚೀಲ ಹೆಗಲಿಗೇರಿಸಿದಳು.

"ಐತಿ," ಎಂದಳು. "ಭಾಳ ಐತಿ. ಇನ್ನ ಒಂದೆರಡು ವರ್ಷ ಇರತೈತಿ."

ಅವನ ಮುಖ ಬಾಡಿತು. "ಹೂಂ... ಇರಬೇಕಾದ್ದ."

ಬಸ್ಸು ಬಂದು ನಿಂತಿತು. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು. ಆವತ್ತು ಕೆಂಪಾಗಿದ್ದ ಆ ಕಣ್ಣುಗಳಲ್ಲಿ ಈಗ ಬೇರೆಯೇ ಒಂದು ಹೊಳಪಿತ್ತು.

"ಸಿಟ್ಟ ಇದ್ದವರ ಜೋಡಿ ಯಾರೂ ಸಂಸಾರ ಮಾಡೂದಿಲ್ಲೇನ್ರಿ?"

"ಏನಂದ್ರಿ?!" ಹುಚ್ಚೇಶನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಮುಂದಿನ ರವಿವಾರ ಅಪ್ಪ ಮನಿಯಾಗ ಇರ್ತಾನ. ಅಂವಗ ಕೇಳಾಕ ಬರ್ರಿ. ಆದ್ರ..."

"ಆದ್ರ?"

"ಮೊದಲ ನನ್ನ ಕೇಳ್ರಿ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಜಗ್ಗಿ ಹೊರಟಿತು. ಹುಚ್ಚೇಶ ಪಕ್ಕದಲ್ಲೇ ಓಡಿದ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಮುಖ ಹಚ್ಚಿದರು. ಆದರೆ ಈ ಸಲ ಅವನು ಯಾರಿಗೂ ಅಂಜಲಿಲ್ಲ.

"ಸಪ್ನಾ! ನನ್ನ ಮದಿವಿ ಆಗ್ತೀಯೇನು?"

"ಕೇಳಸ್ಲಿಲ್ಲ! ಇನ್ನೊಮ್ಮೆ ಹೇಳು!" ಎಂದು ಕೂಗಿದಳು ಅವಳು, ಮೊದಲ ಸಲವೇ ಸ್ಪಷ್ಟವಾಗಿ ಕೇಳಿಸಿದ್ದರೂ.